ಜೋಡಿ ಒಂದೇ, ಅಪ್ಪನೂ ಒಬ್ಬನೇಯಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಜಿಲ್ಲೆಯ ಹಕ್ಕಿ ಎಂದು ಘೋಷಣೆಯಾದ ಕಡಲಹದ್ದಿನ ಪಾಠ ಮಾಡುತ್ತಿದ್ದೆ. ಅದು ಜೀವನಪೂರ್ತಿ ಒಂದೇ ಜೋಡಿಯೊಂದಿಗೆ ಇರುತ್ತದೆ ಎಂದಾಗ ಒಬ್ಬ ಹುಡುಗ ಎದ್ದು, "ಮಂಗಟ್ಟೆಯೂ ಹಾಗೇ ಟೀಚರ್, ಗಂಡು ಸತ್ರೆ ಹೆಣ್ಣು ಉಪವಾಸ ಬಿದ್ದು ಸಾಯ್ತದೆ, ಅಜ್ಜ ಹೇಳಿದ್ದು" ಎಂದ. ಇದರಲ್ಲಿ ಎಷ್ಟು ನಿಜ ಉಂಟು?
– ಶಿಕ್ಷಕಿ, ಕುಂಬಳೆ

ಉತ್ತರ: ಅಜ್ಜನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಟೀಚರೇ. ಸಾಯುವ ಸಂಭವ ಉಂಟು, ಆದರೆ ಕಾರಣ ವಿರಹ ಅಲ್ಲ.

ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆಗೆ ಹಣ್ಣಿನ ತಿರುಳು ಬೆರೆಸಿ ಪೊಟರೆಯ ಬಾಯಿಯನ್ನು ಒಳಗಿಂದಲೇ ಮೆತ್ತುತ್ತದೆ. ಕೊನೆಗೆ ಉಳಿಯುವುದು ಕೊಕ್ಕಿನ ತುದಿ ತೂರುವಷ್ಟು ಉದ್ದನೆಯ ಸೀಳು. ಒಳಗೆ ಕೂತ ಮೇಲೆ ರೆಕ್ಕೆಯ, ಬಾಲದ ಗರಿಗಳು ಉದುರುತ್ತವೆ. ಗಂಡು ಗೋಳಿ, ಅತ್ತಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೇ ಕಕ್ಕಿ ಕೊಕ್ಕಿನ ತುದಿಯಲ್ಲಿ ಹಿಡಿದು ಸೀಳಿಗೆ ಕೊಡುತ್ತದೆ. ಕೇರಳದ ರಾಜ್ಯಪಕ್ಷಿಯಾದ ದಾಸಮಂಗಟ್ಟೆಯಲ್ಲಿ ಈ ಸೆರೆವಾಸ ಮೂರು ನಾಲ್ಕು ತಿಂಗಳು. ಆ ನಡುವೆ ಯಾರಾದರೂ ಗಂಡಿಗೆ ಕೋವಿ ಹಿಡಿದರೆ ಒಳಗಿದ್ದವರ ಊಟ ನಿಂತಿತು. ಹೆಣ್ಣು ಗೋಡೆ ಒಡೆದು ಹೊರಬರಬಹುದು, ಗರಿ ಬೆಳೆಯದಿದ್ದರೆ ಹಾರುವುದು ಹೇಗೆ? ಮರಿಯ ಆಸೆಯನ್ನಂತೂ ಬಿಡಬೇಕು. ಅಜ್ಜ ಅಥವಾ ಅವರ ಅಜ್ಜ ಅಂಥದ್ದನ್ನು ಕಣ್ಣಾರೆ ಕಂಡಿದ್ದರೂ ಇರಬಹುದು. ಬೇರೆ ಕಾಲದಲ್ಲಿ ಜೋಡಿ ಸತ್ತರೆ ಉಳಿದದ್ದು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಕಡಲಹದ್ದೂ ಅಷ್ಟೆ.

ಇನ್ನು ಕಡಲಹದ್ದು. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ಆರಿಸಿದ ಈ ಬಿಳಿಹೊಟ್ಟೆಯ ಹಕ್ಕಿ ಕರಾವಳಿಯ ಎತ್ತರದ ಮರಗಳಲ್ಲಿ ಕಟ್ಟಿಗೆಯ ಭಾರೀ ಗೂಡು ಕಟ್ಟಿ, ವರ್ಷವರ್ಷವೂ ಅದನ್ನೇ ರಿಪೇರಿ ಮಾಡಿಕೊಂಡು ಬಳಸುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಆರು ವಾರ ಕಾವು, ಆಮೇಲೆ ಮರಿ ಹಾರಲು ಎರಡೂವರೆ ತಿಂಗಳ ಹತ್ತಿರ. ಮೀನು, ಕಡಲಹಾವು ಹಿಡಿದು ತರಬೇಕು, ಗೂಡಿಗೆ ಕಾವಲೂ ಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಹೊಸ ಜೋಡಿ, ಹೊಸ ಜಾಗ ಹುಡುಕುವ ಹೊತ್ತಿಗೆ ಒಂದು ಹಂಗಾಮೇ ಕಳೆದೀತು. ಇಬ್ಬರ ದುಡಿಮೆಯಿಲ್ಲದೆ ಮರಿ ಉಳಿಯದು ಎಂಬಲ್ಲೆಲ್ಲ ಜೋಡಿಬಾಳು ಹೆಚ್ಚು. ಹಕ್ಕಿಗಳಲ್ಲಿ ಶೇ. 90ಕ್ಕೂ ಹೆಚ್ಚು ಜಾತಿಗಳು ಜೋಡಿಯಾಗಿಯೇ ಮರಿ ಸಾಕುತ್ತವೆ. ಹಾಲೂಡಿಸುವ ಪ್ರಾಣಿಗಳಲ್ಲಿ ಇದು ಶೇ. 10ನ್ನೂ ಮುಟ್ಟುವುದಿಲ್ಲ, ಏಕೆಂದರೆ ಹಾಲು ತಾಯಿಯ ಬಳಿ ಮಾತ್ರ ಉಂಟು.

ಆದರೆ ಒಟ್ಟಿಗೆ ಸಂಸಾರ ಮಾಡುವುದೇ ಬೇರೆ, ಮರಿಗಳ ಅಪ್ಪ ಯಾರು ಎಂಬುದೇ ಬೇರೆ. ಅಮೆರಿಕದಲ್ಲಿ ಬೆಳೆ ತಿನ್ನುವ ಕೆಂಪುರೆಕ್ಕೆಯ ಕಪ್ಪುಹಕ್ಕಿಗಳ ಕಾಟ ತಗ್ಗಿಸಲೆಂದು ಕೆಲವು ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಮಾಡಿ ನೋಡಿದ್ದರು. ಅವುಗಳ ವಠಾರದ ಹೆಣ್ಣುಗಳು ಇಟ್ಟ ಮೊಟ್ಟೆಗಳಲ್ಲಿ ಎಷ್ಟೋ ಫಲಿತವಾಗಿಯೇ ಇದ್ದವು! 1975ರಲ್ಲಿ ಪ್ರಕಟವಾದ ಈ ಫಲಿತಾಂಶ ಹಲವರ ಹುಬ್ಬೇರಿಸಿತು. 1985ರ ಹೊತ್ತಿಗೆ ಬ್ರಿಟನ್ನಿನ ಅಲೆಕ್ ಜೆಫ್ರಿಸ್ ಮರಿಯ ಅಪ್ಪ ಯಾರೆಂದು ಗುರುತಿಸಬಲ್ಲ ಡಿಎನ್‌ಎ ಬೆರಳಚ್ಚಿನ ವಿಧಾನ ಕೊಟ್ಟ ಮೇಲೆ ಗುಬ್ಬಿಗೂಡಿನ ಗುಟ್ಟೂ ಬಯಲಿಗೆ ಬಂತು. 2002ರ ಒಂದು ಸಮೀಕ್ಷೆಯಂತೆ, ಪರೀಕ್ಷಿಸಿದ ಹಕ್ಕಿಜಾತಿಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಹೊರಗಿನ ಗಂಡಿನ ಮರಿಗಳು ಸಿಕ್ಕಿದ್ದವು. ಜೋಡಿಯಾಗಿ ಬಾಳುವ ಜಾತಿಗಳ ಸರಾಸರಿ ತೆಗೆದರೆ ನೂರಕ್ಕೆ ಸುಮಾರು 11 ಮರಿಗಳು ಹಾಗೆ ಹುಟ್ಟಿದವು. ಆಸ್ಟ್ರೇಲಿಯದ ಪುಟ್ಟ ನೀಲಿ ಫೇರಿ ರೆನ್‌ನಲ್ಲಂತೂ ನಾಲ್ಕರಲ್ಲಿ ಮೂರು ಮರಿಗಳು ಪರರದ್ದೇ. ಹೆಣ್ಣಿಗೆ ಇದರಿಂದ ಏನು ಲಾಭ ಎಂಬ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಮಂಗಟ್ಟೆಯ ಮಾನ ಮಾತ್ರ ಉಳಿದಿದೆ. ಆಫ್ರಿಕದ ಮೊಂಟೀರೋ ಮಂಗಟ್ಟೆಯ ಗೂಡುಗಳನ್ನು ಪರೀಕ್ಷಿಸಿದಾಗ ಹೊರಗಿನ ಗಂಡಿನ ಮರಿ ಒಂದೂ ಸಿಗಲಿಲ್ಲ. ಸಂಸಾರವಿಡೀ ಗಂಡಿನ ಗಂಟಲನ್ನೇ ನಂಬಿಕೊಂಡಿರುವಾಗ ಹೆಣ್ಣಿಗೆ ಅಂಥ ಅಪಾಯ ಮೈಮೇಲೆ ಎಳೆದುಕೊಳ್ಳಲಾಗದು, ಗಂಡಿಗೆ ಊರು ಸುತ್ತಲು ಪುರುಸೊತ್ತಿಲ್ಲ – ಇದು ನನ್ನ ಅಂದಾಜು. ಹದ್ದು, ಗಿಡುಗಗಳಲ್ಲಿಯೂ ಹೊರಗಿನ ಮರಿಗಳು ಕಡಿಮೆ.

ಮಕ್ಕಳಿಗೆ ಇನ್ನೂ ಗಟ್ಟಿ ಜೋಡಿ ತೋರಿಸಬೇಕೇ? ಮೊದಲ ಮಳೆಗೆ ಜಗಲಿಯ ದೀಪಕ್ಕೆ ಮುತ್ತುವ ರೆಕ್ಕೆಹುಳಗಳನ್ನು ನೋಡಲು ಹೇಳಿ. ಅವು ಗೆದ್ದಲಿನ ಮದುಮಕ್ಕಳು. ರೆಕ್ಕೆ ಕಳಚಿ, ಹೆಣ್ಣು ಮುಂದೆ, ಗಂಡು ಅದರ ಹಿಂಬದಿಯನ್ನು ಮುಟ್ಟಿಕೊಂಡೇ ಹಿಂದೆ, ಹೀಗೆ ನೆಲದ ಮೇಲೆ ಓಡುತ್ತವೆ. ಬದುಕಿ ಉಳಿದ ಜೋಡಿ ಮಣ್ಣಿನಡಿ ಕೋಣೆ ತೋಡಿ ರಾಜ–ರಾಣಿಯಾಗುತ್ತದೆ. ರಾಣಿ ಹತ್ತಾರು ವರ್ಷ ಬದುಕಬಲ್ಲಳು, ರಾಜ ಅವಳ ಪಕ್ಕದಲ್ಲೇ ಇದ್ದು ಆಗಾಗ ಕೂಡುತ್ತಲೇ ಇರುತ್ತಾನೆ. ತುಡುವೆ ಜೇನಿನ ರಾಣಿ ಇದಕ್ಕೆ ತದ್ವಿರುದ್ಧ: ಪ್ರಾಯದಲ್ಲಿ ಹಾರುತ್ತಲೇ ಹತ್ತಕ್ಕೂ ಹೆಚ್ಚು ಗಂಡುಗಳನ್ನು ಕೂಡಿ, ಆ ವೀರ್ಯವನ್ನೇ ಆಯುಷ್ಯವಿಡೀ ಬಳಸುತ್ತಾಳೆ. ಕೂಡಿದ ಗಂಡುಗಳು ಅಲ್ಲೇ ಸಾಯುತ್ತವೆ.

ಪ್ರಶ್ನೆ: ಅಡಕೆ ತೋಟದಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿದ್ದವು. ಒಂದು ಕೇರೆ, ಒಂದು ನಾಗರ, ಗಂಡ ಹೆಂಡತಿ ಎಂದರು ಆಳುಗಳು. ಮೇಲೆ ಬಿಳಿ ಬಟ್ಟೆ ಹಾಕಿದರೆ ಐಶ್ವರ್ಯವಂತೆ, ಒಂದನ್ನು ಕೊಂದರೆ ಇನ್ನೊಂದು ಸೇಡು ತೀರಿಸುತ್ತದಂತೆ. ಹೌದಾ?
– ಕೃಷಿಕ, ಮುಳ್ಳೇರಿಯ

ಉತ್ತರ: ನೀವು ಕಂಡದ್ದು ಬಹುಮಟ್ಟಿಗೆ ಎರಡು ಗಂಡು ಕೇರೆಗಳ ಕುಸ್ತಿ. ಮೈಯ ಮುಂಭಾಗವನ್ನು ಎತ್ತಿ, ಹುರಿಯ ಹಾಗೆ ಸುತ್ತಿಕೊಂಡು, ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ. ಸೋತದ್ದು ಜಾಗ ಖಾಲಿ ಮಾಡುತ್ತದೆ. ಕೂಡುವಾಗ ಹಾವುಗಳು ಹೀಗೆ ಎದ್ದು ನಿಲ್ಲುವುದಿಲ್ಲ, ನೆಲದಲ್ಲೇ ಉದ್ದಕ್ಕೆ ಮಲಗಿ ಬಾಲ ಹೆಣೆದುಕೊಂಡಿರುತ್ತವೆ. ನಾಗಬನದ ಕಲ್ಲಿನಲ್ಲಿ ಹೆಣೆದ ಜೋಡಿಯನ್ನು ದಿನಾ ನೋಡುವ ನಮಗೆ ಕುಸ್ತಿ ಸರಸವಾಗಿ ಕಾಣುವುದು ಸಹಜ ಬಿಡಿ.

ಕೇರೆಗೂ ನಾಗರಕ್ಕೂ ಸಂಬಂಧ ಕೂಡಿಬರುವುದಿಲ್ಲ, ಕುಟುಂಬವೇ ಬೇರೆ. ಹಾವುಗಳಲ್ಲಿ ಸಂಸಾರವೂ ಇಲ್ಲ. ಕೂಡಿದ ಮೇಲೆ ಗಂಡು ತನ್ನ ದಾರಿ ಹಿಡಿಯುತ್ತದೆ. ನಮ್ಮ ಗುಡ್ಡಕಾಡಿನ ಕಾಳಿಂಗದಲ್ಲಿ ಹೆಣ್ಣು ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆ ಕಾಯುತ್ತದೆ, ಗಂಡಿನ ಪತ್ತೆ ಇರುವುದಿಲ್ಲ. ಹೆಣ್ಣುಹಾವು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕೂಡಿಡಬಲ್ಲುದು, ಹಲವು ಜಾತಿಗಳಲ್ಲಿ ಒಂದೇ ಕಂತಿನ ಮೊಟ್ಟೆಗಳಿಗೆ ಇಬ್ಬರು ಮೂವರು ಅಪ್ಪಂದಿರು. ಸೇಡಿನ ಮಾತು ಸುಳ್ಳು. ಬೆದೆಯ ಹೆಣ್ಣಿನ ವಾಸನೆಯ ಜಾಡು ಹಿಡಿದು ಗಂಡು ಬರುವುದುಂಟು, ಸತ್ತ ಹಾವಿನ ಜಾಗಕ್ಕೆ ಇನ್ನೊಂದು ಬಂದದ್ದನ್ನು ಜನ ಸೇಡು ಎಂದುಕೊಂಡಿರಬೇಕು. ಕೇರೆ ನಿಮ್ಮ ತೋಟದ ಇಲಿಗಳನ್ನು ತಿನ್ನುತ್ತದೆ, ಬಟ್ಟೆ ಎಸೆದು ಕುಸ್ತಿ ಕೆಡಿಸಬೇಡಿ.

ಪ್ರಶ್ನೆ: ಗದ್ದೆ ಬದಿಯ ತೆಂಗಿನಲ್ಲಿ ಗೀಜಗನ ಗೂಡುಗಳು ಅರ್ಧಕ್ಕೇ ನಿಂತಿವೆ. ಯಾಕೆ?
– ಹತ್ತನೇ ತರಗತಿ ವಿದ್ಯಾರ್ಥಿ, ನೀರ್ಚಾಲು

ಉತ್ತರ: ಹೆಣ್ಣು ಒಪ್ಪಲಿಲ್ಲ, ಅಷ್ಟೇ. ಗಂಡು ಎಲೆಯ ಅಂಚನ್ನು ಕಚ್ಚಿ ಹಿಡಿದು ಹಾರಿದರೆ ದಾರದಂತೆ ಸೀಳು ಎದ್ದು ಬರುತ್ತದೆ. ಅಂಥವನ್ನು ನೇಯ್ದು, ಅಡ್ಡಪಟ್ಟಿ ಇರುವ ಟೊಪ್ಪಿಯಂಥ ಹಂತಕ್ಕೆ ತಂದು ನಿಲ್ಲಿಸುತ್ತದೆ, ಒಳಗೋಡೆಗೆ ಒದ್ದೆ ಮಣ್ಣಿನ ಉಂಡೆಯನ್ನೂ ಮೆತ್ತುತ್ತದೆ. ದೀಪಕ್ಕೆಂದು ಮಿಂಚುಹುಳ ಅಂಟಿಸುತ್ತದೆ ಎನ್ನುವುದು ಬರೀ ಕತೆ. ಆಮೇಲೆ ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆದು ಕುಕ್ಕಿ ಪರೀಕ್ಷಿಸುತ್ತದೆ. ಮನಸ್ಸಿಗೆ ಬಂದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಕೊಳವೆಯನ್ನೂ ಮುಗಿಸುತ್ತದೆ, ಮರುಕ್ಷಣವೇ ಇನ್ನೊಂದು ಗೂಡಿಗೆ ಕೈಹಾಕುತ್ತದೆ, ಇನ್ನೊಂದು ಹೆಣ್ಣಿಗೆ! ಈ ಬಹುಪತ್ನೀ ಸಂಸಾರವನ್ನು 1930ರಲ್ಲಿ ಮುಂಬಯಿಯ ಆಚೆ ಕಿಹಿಮ್ ಎಂಬಲ್ಲಿ ಕೂತು ಗಮನಿಸಿದವರು ಸಲೀಂ ಅಲಿ. ಮರಿ ಸಾಕುವ ಕೆಲಸ ಬಹುಪಾಲು ಹೆಣ್ಣಿನದ್ದು.

ಪ್ರಶ್ನೆ: ಒಂದು ಹಾರ್ಮೋನಿನಿಂದ ಇಲಿಗಳು ಏಕಪತ್ನೀವ್ರತರಾಗುತ್ತವೆ ಎಂದು ಓದಿದೆ. ಮನುಷ್ಯರಿಗೂ ಚುಚ್ಚುಮದ್ದು ಬರಬಹುದಾ ಸರ್?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಮದುವೆ ದಲ್ಲಾಳಿಗಳು ಕೇಳಿದರೆ ಕುಣಿದಾಡಿಯಾರು. ನೀವು ಓದಿದ್ದು ಅಮೆರಿಕದ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿಯ ಬಗ್ಗೆ. ಅದು ಜೋಡಿಯಾಗಿ ಬಾಳುತ್ತದೆ, ಅದರ ಬಂಧು ಮೆಡೋ ವೋಲ್ ಹಾಗಲ್ಲ. 2004ರಲ್ಲಿ ವಾಸೊಪ್ರೆಸಿನ್ ಎಂಬ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕದ ಜೀನನ್ನು ಗಂಡು ಮೆಡೋ ವೋಲ್‌ನ ಮಿದುಳಿನ ಒಂದು ಭಾಗಕ್ಕೆ ಸೇರಿಸಿದಾಗ ಅದೂ ಸಂಗಾತಿಯನ್ನು ಬಿಡದೆ ಒತ್ತಿ ಕೂತಿತು. ಆದರೆ 2023ರಲ್ಲಿ ಇನ್ನೊಂದು ತಂಡ ಪ್ರೇರಿ ವೋಲ್‌ಗಳಲ್ಲಿ, ಜೋಡಿ ಬೆಸೆಯುತ್ತದೆಂದು ನಂಬಿದ್ದ ಇನ್ನೊಂದು ಹಾರ್ಮೋನಾದ ಆಕ್ಸಿಟೋಸಿನ್‌ನ ಗ್ರಾಹಕದ ಜೀನನ್ನೇ ಕೆಡಿಸಿತು. ಜೋಡಿ ಮುರಿಯಬೇಕಿತ್ತು, ಮುರಿಯಲಿಲ್ಲ. ಮರಿ ಹಾಕಿ ಹಾಲೂ ಕೊಟ್ಟವು. ಅಲ್ಲಿಗೆ ಒಂದೇ ಕೀಲಿಯ ಲೆಕ್ಕಾಚಾರ ಕೆಟ್ಟಿತು. ಅಷ್ಟಕ್ಕೂ, ಬಯಲಿನಲ್ಲಿ ಬದುಕುವ ಪ್ರೇರಿ ವೋಲ್‌ಗಳ ಮರಿಗಳನ್ನು ಪರೀಕ್ಷಿಸಿದಾಗಲೂ ಕೆಲವಕ್ಕೆ ಅಪ್ಪನಾಗಿ ಸಿಕ್ಕಿದ್ದು ಜೋಡಿಯ ಗಂಡಲ್ಲ, ಹೊರಗಿನವನು.