ತೋಟ-ಗದ್ದೆ ಪ್ರಶ್ನೋತ್ತರ: ಕಾಡುಹಂದಿಗೆ ಕೋವಿಯೋ, ಬೇಲಿಯೋ?

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮಗೆ ಎರಡು ಎಕರೆ ಅಡಿಕೆ ಬಾಗಾಯ್ತ, ಅದರ ಕೆಳಗೆ ಒಂದೂವರೆ ಎಕರೆ ಗದ್ದೆ ಇದೆ. ಮೂರು ವರ್ಷಗಳಿಂದ ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತಿದೆ. ಈ ಸಲ ಹೊಸದಾಗಿ ನೆಟ್ಟ ಅಡಿಕೆ ಸಸಿಗಳೂ ಹೋದವು. ತಂದೆಯವರ ಕಾಲದ ಬೆಳೆ ರಕ್ಷಣೆ ಕೋವಿಯ ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ನಮ್ಮದೇ ಮಾಲ್ಕಿ ಜಮೀನಿನೊಳಗೆ ಬಂದ ಹಂದಿಗೆ ಗುಂಡು ಹೊಡೆಯಬಹುದೇ? ನಾಯಿ ಬಿಟ್ಟು ಬೆಟ್ಟದಿಂದ ಹಂದಿ ಎಬ್ಬಿಸೋಣವೆಂದು ಕೇರಿಯವರು ಹೇಳುತ್ತಿದ್ದಾರೆ.

ಉತ್ತರ: ನೀವು ಕಳುಹಿಸಿದ ನಾಲ್ಕು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮೂರರಲ್ಲಿ ಕಾಣುವುದು ಹಂದಿಯದೇ ಕೆಲಸ: ಗೊಬ್ಬರ ಹಾಕಿ ಸೊಪ್ಪು ಮುಚ್ಚಿದ ಬುಡವನ್ನು ಎರೆಹುಳುವಿಗಾಗಿ ಮೂತಿಯಿಂದ ಉತ್ತು ಹಾಕಿದೆ, ಸಸಿ ಬೇರುಸಹಿತ ಪಕ್ಕಕ್ಕೆ ಬಿದ್ದಿದೆ, ಕೆಸರಿನಲ್ಲಿ ಸೀಳುಗೊರಸಿನ ಹಿಂದೆ ಎರಡು ಚಿಕ್ಕ ಚುಕ್ಕೆಯಂತಹ ಗುರುತೂ ಇದೆ. ನಾಲ್ಕನೆಯದು ಬೇರೆ. ಅಲ್ಲಿ ಸಸಿಯ ಬುಡವನ್ನು ಉಳಿಯಿಂದ ಕೆತ್ತಿದಂತೆ ಕಡಿಯಲಾಗಿದೆ, ಮಣ್ಣು ಹೆಚ್ಚು ಕದಡಿಲ್ಲ, ಅದು ಮುಳ್ಳುಹಂದಿ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ನೀವು ಮಾಡುವ ಉಪಾಯ ಅರ್ಧ ತೋಟಕ್ಕೆ ಮಾತ್ರ ಉಪಯೋಗವಾಗುತ್ತದೆ. ಹಾಗಾಗಿ ಬೆಳಗಿನ ಮಂಜು ಆರುವ ಮೊದಲು ಒಮ್ಮೆ ತೋಟ ಸುತ್ತಿ ಯಾವುದು, ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ.

ಇನ್ನು ಕೋವಿಯ ಮಾತು. ನಿಮ್ಮ ಪರವಾನಗಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಪ್ರಾಣಿ ಕೊಲ್ಲಲು ಕೊಟ್ಟದ್ದಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿದೆ. ಜಮೀನು ಮಾಲ್ಕಿಯೋ ಬೆಟ್ಟವೋ ಎಂಬುದರಿಂದ ಈ ರಕ್ಷಣೆ ಬದಲಾಗುವುದಿಲ್ಲ. ಗುಂಡು ಹೊಡೆಯುವುದಷ್ಟೇ ಅಲ್ಲ, ಉರುಳು ಹಾಕುವುದು, ಆಮಿಷ ಒಡ್ಡುವುದು, ನಾಯಿ ಬಿಟ್ಟು ಅಟ್ಟಿಸಿಕೊಂಡು ಹೋಗುವುದು, ಇವೆಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಕೇರಿಯ ಯೋಜನೆಯನ್ನು ದಯವಿಟ್ಟು ಇಲ್ಲಿಗೇ ಬಿಡಿ.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ ಕಾಯ್ದೆಯ 11ನೇ ಕಲಮಿನಲ್ಲಿ, ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರಿಂದ ಅಧಿಕಾರ ಪಡೆದ ಅಧಿಕಾರಿಯಾಗಲಿ ಕಾರಣ ಬರೆದು ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ಕೊಡಬಹುದು ಎಂದಿದೆ. ಆಸ್ತಿ ಎಂಬ ಮಾತಿನೊಳಗೆ ಗದ್ದೆಯಲ್ಲಿ ನಿಂತ ಬೆಳೆಯೂ ಸೇರುತ್ತದೆಂದು ಅಲ್ಲೇ ಸ್ಪಷ್ಟಪಡಿಸಲಾಗಿದೆ. ನೆರೆಯ ಕೇರಳ 2022ರಲ್ಲಿ ಇಂತಹ ಆದೇಶ ಕೊಡುವ ಅಧಿಕಾರವನ್ನು ಕಾಡುಹಂದಿಯ ಮಟ್ಟಿಗೆ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ವಹಿಸಿತು. ನೀವು ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶ ಕೈಗೆ ಬರುವವರೆಗೆ ಕೋವಿ ಗೋಡೆಯ ಮೇಲೇ ಇರಲಿ. ಹಂದಿ ನಿಮ್ಮ ಮೈಮೇಲೆಯೇ ಎರಗಿದಾಗ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ. ಆಗಲೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಅದರ ಮಾಂಸ ಹಂಚಿಕೊಂಡರೆ ಮತ್ತೆ ಪ್ರಕರಣವೇ.

ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಂದು ಹಂದಿ ಬಿದ್ದರೆ ಗದ್ದೆ ಉಳಿದೀತೇ? ಹೆಣ್ಣು ಹಂದಿ ಸುಮಾರು ನಾಲ್ಕು ತಿಂಗಳು ಗಬ್ಬವಿದ್ದು ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಹಾಕುತ್ತದೆ. ಹೆಣ್ಣು ಮತ್ತು ಮರಿಗಳು ಹಿಂಡಾಗಿ ತಿರುಗಿದರೆ ಬೆಳೆದ ಗಂಡು ಒಂಟಿಯಾಗಿರುತ್ತದೆ. ಬೆಟ್ಟದಲ್ಲಿ ಅಡಗಲು ಹಳು, ಕೆಳಗೆ ತಿನ್ನಲು ಭತ್ತ ಎರಡೂ ಇರುವಷ್ಟು ಕಾಲ ಸತ್ತದ್ದರ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಆದ್ದರಿಂದ ಕೋವಿಗೆ ಮೊದಲು ಬೇಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಅದೂ ಒಬ್ಬರ ಬೇಲಿಯಲ್ಲ. ನೀವೊಬ್ಬರೇ ಬೇಲಿ ಹಾಕಿದರೆ ಹಂದಿ ನಿಮ್ಮ ಪಕ್ಕದವರ ಗದ್ದೆಯಲ್ಲಿ ಇಳಿದು ನಿಮ್ಮ ಅಂಚಿನಿಂದ ಒಳಬರುತ್ತದೆ. ನಮ್ಮ ಹಿರಿಯರು ತೋಟದ ತಲೆಗಟ್ಟಿನಲ್ಲಿ ಅಗಳ, ಅಂದರೆ ಆಳದ ಕಂದಕ, ತೆಗೆಯುತ್ತಿದ್ದದ್ದು ಇಡೀ ಸಾಲಿಗೆ ಒಂದೇ ಆಗಿ. ಈಗ ಅವುಗಳಲ್ಲಿ ಎಷ್ಟೋ ಹೂಳು ತುಂಬಿ ದನವೇ ದಾಟುವಂತಾಗಿವೆ. ಮಳೆ ಮುಗಿದ ಕೂಡಲೇ ಕೇರಿಯವರೆಲ್ಲ ಕೂಡಿ ಅಗಳದ ಹೂಳೆತ್ತಿ, ಅದರ ಬದಿಯ ಮಣ್ಣಿನ ಧರೆಯನ್ನು ನೆಟ್ಟಗೆ ಕಡಿದು, ಅದರ ಮೇಲೆ ಬೇಲಿ ಎಳೆಯಿರಿ. ನಾಯಿ ಬಿಡಲು ಕೂಡುವ ಅಷ್ಟೇ ಜನ ಈ ಕೆಲಸಕ್ಕೆ ಸಾಕು. ಭತ್ತ ಹಾಲುಗಟ್ಟಿದಲ್ಲಿಂದ ಕೊಯ್ಲಿನವರೆಗೆ ಸರತಿಯಲ್ಲಿ ಮಾಳ (ಗದ್ದೆಯ ಕಾವಲಿನ ಅಟ್ಟಣೆ) ಕಾಯುವುದಕ್ಕೆ ಬದಲಿ ಇನ್ನೂ ಹುಟ್ಟಿಲ್ಲ ಎಂದೇ ಹೇಳುತ್ತೇನೆ.

ಪ್ರಶ್ನೆ: ನಮ್ಮದು ಅಂಕೋಲಾ ಕಡೆ ಶೇಂಗಾ ಗದ್ದೆ. ಪಕ್ಕದವರು ರಾತ್ರಿ ಮನೆಯಿಂದ ತಂತಿ ಎಳೆದು ಬೇಲಿಗೆ ಕರೆಂಟ್ ಕೊಡುತ್ತಾರೆ. ಸೋಲಾರ್ ಬೇಲಿಯೂ ಕರೆಂಟೇ ಅಲ್ಲವೇ, ವ್ಯತ್ಯಾಸವೇನು ಎಂದು ಕೇಳಿದರೆ ನನಗೆ ಉತ್ತರ ತಿಳಿಯುವುದಿಲ್ಲ.

ಉತ್ತರ: ವ್ಯತ್ಯಾಸ ಜೀವ ಮತ್ತು ಸಾವಿನದು. ಮನೆಯ 230 ವೋಲ್ಟ್ ವಿದ್ಯುತ್ ಎಡೆಬಿಡದೆ ಹರಿಯುತ್ತದೆ; ಮುಟ್ಟಿದ ಕೈಯ ಸ್ನಾಯು ಬಿಗಿದುಕೊಂಡು ತಂತಿಯನ್ನು ಬಿಡಲಾಗದೆ ಮನುಷ್ಯ ಅಲ್ಲೇ ಸಾಯುತ್ತಾನೆ. ಸೋಲಾರ್ ಬೇಲಿಯಲ್ಲಿ ಬ್ಯಾಟರಿಯಿಂದ ನಡೆಯುವ ಯಂತ್ರವೊಂದು ಸಾವಿರಾರು ವೋಲ್ಟಿನ ಹೊಡೆತವನ್ನೇ ಕೊಟ್ಟರೂ ಅದು ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತಿನದು, ಆಮೇಲೆ ಸುಮಾರು ಒಂದು ಸೆಕೆಂಡು ಬಿಡುವು. ಆ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ನೆರೆಯವರು ಮಾಡುತ್ತಿರುವುದು ವಿದ್ಯುತ್ ಕಳವೂ ಆಗಬಹುದು, ನಾಳೆ ಬೆಳಿಗ್ಗೆ ಹಾಲಿಗೆ ಹೋಗುವ ಮಗುವಿನ ಸಾವೂ ಆಗಬಹುದು. ದಾಕ್ಷಿಣ್ಯ ಬೇಡ, ಇಂದೇ ಹೇಳಿ. ಕೇಳದಿದ್ದರೆ ಹೆಸ್ಕಾಂನವರಿಗೆ ತಿಳಿಸಿ.

ಸೋಲಾರ್ ಬೇಲಿ ಹಾಕುವುದಾದರೆ ಹಂದಿಯ ಎತ್ತರ ನೆನಪಿಡಿ. ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿದ್ದರೆ ಹಂದಿ ಮೂತಿ ತೂರಿಸಿ ನುಸುಳುತ್ತದೆ. ಇಷ್ಟು ಕೆಳಗಿನ ತಂತಿಗೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ವಾರದೊಳಗೆ ಹುಲ್ಲು, ಬಳ್ಳಿ ತಾಗಿ ಹೊಡೆತವೆಲ್ಲ ನೆಲಕ್ಕೆ ಇಳಿದುಹೋಗುತ್ತದೆ. ಮೋಡದ ದಿನಗಳಲ್ಲಿ ಬ್ಯಾಟರಿಯೂ ಸರಿಯಾಗಿ ತುಂಬುವುದಿಲ್ಲ. ಬೇಲಿ ಕೆಲಸ ಮಾಡುವುದಿಲ್ಲ ಎಂದು ಬರೆಯುವವರಲ್ಲಿ ಹೆಚ್ಚಿನವರು ಬುಡದ ಕಳೆ ಸವರದವರೇ. ಸಹಾಯಧನದ ಬಗ್ಗೆ ಖರೀದಿಗೆ ಮೊದಲೇ ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಥಿಮೆಟ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ ತೂಗಿಸಿದರೆ ಹಂದಿ ಬರುವುದಿಲ್ಲ ಎನ್ನುತ್ತಾರೆ. ಸಿಡಿಮದ್ದಿನ ಉಂಡೆ, ಉರುಳು ಇಡುವವರೂ ಇದ್ದಾರೆ. (ಕುಮಟಾ)

ಉತ್ತರ: ಥಿಮೆಟ್ ಎಂದರೆ ಫೋರೇಟ್ ಎಂಬ ಕೀಟನಾಶಕ, ಘೋರ ವಿಷ; 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಮನೆಯಲ್ಲಿ ಉಳಿದಿದ್ದರೂ ಮುಟ್ಟಬೇಡಿ. ಸಿಡಿಮದ್ದನ್ನು ಹಂದಿಗಿಂತ ಮೊದಲು ಮೇಯಲು ಬಿಟ್ಟ ದನ ಕಚ್ಚುತ್ತದೆ. ದವಡೆ ಒಡೆದು ನೀರೂ ಕುಡಿಯಲಾಗದೆ ಮೂರು ದಿನ ನಿಂತೇ ಇದ್ದ ಹಸುವೊಂದನ್ನು ನಾನು ನೋಡಿದ್ದೇನೆ, ಆ ನೋಟ ಇವತ್ತಿಗೂ ಮರೆತಿಲ್ಲ. ಬೈಕಿನ ಬ್ರೇಕ್ ಕೇಬಲ್ಲಿನ ಉರುಳಿಗೂ ಬಂದದ್ದು ಹಂದಿಯೋ ಚಿರತೆಯೋ ತಿಳಿಯದು. ಹಂದಿಮರಿಗಳನ್ನು ತಿಂದು ಸಂಖ್ಯೆಯನ್ನು ಹಿಡಿತದಲ್ಲಿಡುವ ಚಿರತೆಯನ್ನು ಹಂದಿಗಾಗಿಯೇ ಕೊಂದಂತಾಗುತ್ತದೆ.

ಹಳೆ ಸೀರೆ ಕಟ್ಟುವುದು, ಡಬ್ಬ ಬಡಿಯುವುದು, ಮಿನುಗು ದೀಪ ಇವು ಕೆಲವು ರಾತ್ರಿ ನಡೆಯುತ್ತವೆ. ಹಂದಿಯ ಕಣ್ಣು ಮಂದ, ಮೂಗು ಬಲು ಚುರುಕು. ಅಪಾಯವಿಲ್ಲವೆಂದು ತಿಳಿದ ಮೇಲೆ ಹೆದರುವುದಿಲ್ಲ. ಕೊಯ್ಲಿಗೆ ಮೊದಲಿನ ಹದಿನೈದು ದಿನಕ್ಕೆಂದೇ ಉಳಿಸಿಕೊಂಡು, ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ.

ಪ್ರಶ್ನೆ: ಬೆಳೆ ಪರಿಹಾರಕ್ಕೆ ಏನು ಮಾಡಬೇಕು? (ಕಾರವಾರ)

ಉತ್ತರ: ಹಾನಿ ಕಂಡ ದಿನವೇ ಅರಣ್ಯ ಇಲಾಖೆಗೆ ತಿಳಿಸಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಅರ್ಜಿ ಹಾಕಿ. ಸ್ಥಳ ಪರಿಶೀಲನೆ ಆಗುವವರೆಗೆ ಬಿದ್ದ ಪೈರನ್ನು ಎತ್ತಿ ಕಟ್ಟಬೇಡಿ, ಗೊರಸಿನ ಗುರುತು ಅಳಿಸಬೇಡಿ. ಮಳೆ ಬರುವಂತಿದ್ದರೆ ಗುರುತಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅನೇಕರ ಪಹಣಿ ಜಂಟಿಯಾಗಿದ್ದು ಅರ್ಜಿಗಳು ಅಲ್ಲೇ ನಿಲ್ಲುತ್ತವೆ, ಆದ್ದರಿಂದ ಉಳಿದ ಹಕ್ಕುದಾರರ ಒಪ್ಪಿಗೆ ಪತ್ರವನ್ನು ಬೆಳೆ ಹಸಿರಿರುವಾಗಲೇ ಬರೆಸಿ ಇಟ್ಟುಕೊಳ್ಳಿ.