ಊರೂರು ಸುತ್ತುವ ಕಾರ್ಯಕ್ರಮಕ್ಕೆ ಟ್ರೇಲರ್ ಕೊಳ್ಳೋದಾ, ಬಾಡಿಗೆಗೆ ಹಿಡಿಯೋದಾ? ಒಬ್ಬ ಡ್ರೈವರ್ ಸಾಕಾ?

ಸ್ಟೇಜು, ಸೌಂಡು, ಸ್ಕ್ರೀನು ಎಲ್ಲ ತುಂಬಿಕೊಂಡು ಊರಿಂದ ಊರಿಗೆ ಹೋಗಬೇಕು, ಟ್ರೇಲರ್ ಸ್ವಂತದ್ದಿದ್ದರೆ ಲಾಭವಾ, ಬಾಡಿಗೆಯೇ ವಾಸಿಯಾ, ಒಬ್ಬ ಒಳ್ಳೆ ಡ್ರೈವರ್ ಸಿಕ್ಕರೆ ಸಾಕಲ್ವಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕುತ್ತಾ ನಾನೂ ರಾತ್ರಿಗಳನ್ನು ಕಳೆದಿದ್ದೇನೆ. ಕೊನೆಗೆ ನನ್ನನ್ನು ಮುಳುಗಿಸಿದ್ದು ಆ ಲೆಕ್ಕದಲ್ಲಿ ಇಲ್ಲದೇ ಇದ್ದ ಸಂಗತಿ. ಡ್ರೈವರ್ ಯಾವಾಗ ಮಲಗುತ್ತಾನೆ ಅಂತ ನಾನು ಬರೆದಿಟ್ಟುಕೊಂಡಿರಲಿಲ್ಲ.

ನಮ್ಮದು ಬಾಡಿಗೆ ಟ್ರೇಲರ್. ಡ್ರೈವರ್ ಒಬ್ಬರೇ, ತುಂಬಾ ಅನುಭವಸ್ಥರು. ನನ್ನ ಟೈಮ್‌ಟೇಬಲ್ ಹೀಗಿತ್ತು: ಬೆಳಿಗ್ಗೆ ಆರಕ್ಕೆ ಗಾಡಿ ಮೈದಾನಕ್ಕೆ ಬರಬೇಕು, ರಾತ್ರಿ ಹತ್ತಕ್ಕೆ ಕಾರ್ಯಕ್ರಮ ಮುಗಿಯುತ್ತೆ, ಒಂದಕ್ಕೆ ಲೋಡಿಂಗ್ ಮುಗಿದು ಗಾಡಿ ಹೊರಡುತ್ತೆ, ಎಂಟು ಗಂಟೆ ದಾರಿ, ಒಂಬತ್ತಕ್ಕೆ ಮುಂದಿನ ಊರು. ಬೆಳಿಗ್ಗೆ ಆರರಿಂದ ರಾತ್ರಿ ಒಂದರವರೆಗೆ ಡ್ರೈವರ್ ಹೆಸರಿನ ಮುಂದೆ ನಾನು ಬರೆದಿದ್ದು ಒಂದೇ ಪದ: ವಿಶ್ರಾಂತಿ. ಗಾಡಿ ನಿಂತಿದೆ ಅಂದಮೇಲೆ ಓಡಿಸುವವರು ಮಲಗಿರುತ್ತಾರೆ ಅಂತ ಅಂದುಕೊಂಡಿದ್ದೆ.

ಆ ವಿಶ್ರಾಂತಿ ಹೇಗಿತ್ತು ಅಂತ ಆಮೇಲೆ ಒಂದೊಂದಾಗಿ ಗೊತ್ತಾಯಿತು. ಆರಕ್ಕೆ ಬಂದರೆ ಗೇಟು ತೆಗೆದಿಲ್ಲ. ತೆಗೆದಮೇಲೆ ರ‍್ಯಾಂಪಿಗೆ ಸರಿಯಾಗಿ ರಿವರ್ಸ್ ಹಾಕಬೇಕು. ಅನ್‌ಲೋಡಿಂಗ್ ಅರ್ಧ ಆಗುವಾಗ ಜನರೇಟರ್ ಗಾಡಿ ಬಂತು, ಅದಕ್ಕೆ ದಾರಿ ಬಿಡಿ ಅಂದರು. ಮುಂದಕ್ಕೆ ತೆಗೆದರು, ಮತ್ತೆ ಹಿಂದಕ್ಕೆ ಹಾಕಿದರು. ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತಿಗೆ ಸೆಕ್ಯುರಿಟಿಯವರು ಬಂದು ಕಿಟಕಿ ತಟ್ಟಿದರು, ಇಲ್ಲಿ ನಿಲ್ಲಿಸುವ ಹಾಗಿಲ್ಲ ಅಂತ. ಬೇರೆ ಕಡೆ ನಿಲ್ಲಿಸಿದರೆ ಪಕ್ಕದಲ್ಲೇ ಜನರೇಟರ್ ಗುಡುಗುಡು. ಸಂಜೆಯಿಂದ ಸೌಂಡ್ ಚೆಕ್. ರಾತ್ರಿ ಮಾಲು ತುಂಬುವಾಗಲಂತೂ ಅವರು ಕ್ಯಾಬಿನ್‌ನಲ್ಲಿ ಕೂರುವ ಹಾಗೇ ಇರಲಿಲ್ಲ. ಭಾರ ಎಲ್ಲಿ ಕೂತಿದೆ, ಬೆಲ್ಟ್ ಬಿಗಿದಿದೆಯಾ ಅಂತ ನೋಡಬೇಕಾದವರು ಅವರೇ ತಾನೇ? ಲೋಡಿಂಗ್ ಮುಗಿದಾಗ ಒಂದಲ್ಲ, ಎರಡೂವರೆ. ಹಿಂದಿನ ರಾತ್ರಿ ಇಡೀ ಓಡಿಸಿಕೊಂಡು ಬಂದವರು ಸರಿಯಾಗಿ ಒಂದು ನಿದ್ದೆಯೂ ಇಲ್ಲದೆ ಮತ್ತೆ ಸ್ಟೇರಿಂಗ್ ಹಿಡಿದಿದ್ದರು.

ಬೆಳಗಿನ ಜಾವ ಫೋನ್ ಬಂತು. "ಕಣ್ಣು ಎಳೀತಿದೆ ಸಾರ್, ಗಾಡಿ ಸೈಡಿಗೆ ಹಾಕಿದ್ದೀನಿ. ಮಲಗಿ ಎದ್ದು ಬರ್ತೀನಿ."

ನಾನು ಕೂಗಾಡಿದೆ. ಇನ್ನೇನು ಸ್ವಲ್ಪ ದೂರ, ಬಂದುಬಿಡಿ, ಇಲ್ಲಿ ಬಂದು ಎಷ್ಟು ಬೇಕಾದರೂ ಮಲಗಿ ಅಂದೆ. ಅವರು ಫೋನ್ ಇಟ್ಟು ಮಲಗಿದರು. ಆ ಮನುಷ್ಯ ಮಾಡಿದ್ದು ನೂರಕ್ಕೆ ನೂರು ಸರಿ. ಅವತ್ತು ಅದನ್ನು ಒಪ್ಪುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅತ್ತ ಮುಂದಿನ ಊರಿನಲ್ಲಿ ಗಂಟೆ ಲೆಕ್ಕದಲ್ಲಿ ಕರೆಸಿದ್ದ ಹುಡುಗರು ಸುಮ್ನೆ ಕೂತಿದ್ದರು. ಫೋರ್ಕ್‌ಲಿಫ್ಟ್‌ನವನು ಕಾದು ಕಾದು ಇನ್ನೊಂದು ಕೆಲಸಕ್ಕೆ ಹೊರಟ. ಮಧ್ಯಾಹ್ನ ಗಾಡಿ ಬಂದಾಗ ಸಾಮಾನು ತುಂಬಿದ ಭಾರದ ಪೆಟ್ಟಿಗೆಗಳನ್ನು, ಅಂದರೆ ಕೇಸ್‌ಗಳನ್ನು, ಇಳಿಸೋಕೆ ಯಂತ್ರವೇ ಇಲ್ಲ. ಸಂಜೆಯ ಕಾರ್ಯಕ್ರಮ ಆಗಲಿಲ್ಲ. ಕಾರ್ಯಕ್ರಮಕ್ಕೆ ನಮ್ಮನ್ನು ಕರೆಸಿದ್ದವರು ಆ ಊರಿನ ಹಣವನ್ನು ಪೂರ್ತಿ ಹಿಡಿದರು, ಉಳಿದ ಊರುಗಳನ್ನು ಬೇರೆಯವರಿಗೆ ಕೊಟ್ಟರು. ಎರಡನೇ ಡ್ರೈವರ್‌ಗೆ ಕೊಡಬೇಕಾಗಿದ್ದ ಸಂಬಳ ಅದರ ಮುಂದೆ ಏನೇನೂ ಅಲ್ಲ.

ಕಾಯುವುದೂ ಕೆಲಸವೇ. ಇದನ್ನು ಕಾನೂನು ಬರೆದವರು ಎಂದೋ ಅರ್ಥ ಮಾಡಿಕೊಂಡಿದ್ದಾರೆ. ಅಮೆರಿಕದ ನಿಯಮದಲ್ಲಿ ಸರಕು ಗಾಡಿಯ ಡ್ರೈವರ್ 11 ಗಂಟೆ ಓಡಿಸಬಹುದು, ಆದರೆ ಡ್ಯೂಟಿಗೆ ಬಂದ ಕ್ಷಣದಿಂದ 14 ಗಂಟೆಯೊಳಗೆ ಓಡಿಸಿ ಮುಗಿಸಬೇಕು. ಲೋಡಿಂಗ್‌ಗೆ ಕಾದ ಹೊತ್ತೂ ಆ 14ರಲ್ಲಿ ಕರಗುತ್ತೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಯೇ ಮಿತಿ. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಅಂತ ಗೆರೆ ಎಳೆದಿತ್ತು. ಇವುಗಳಲ್ಲಿ ಯಾವ ನಿಯಮವನ್ನು ಪಕ್ಕದಲ್ಲಿಟ್ಟು ನೋಡಿದರೂ ನನ್ನ ಟೈಮ್‌ಟೇಬಲ್ ಪಾಸಾಗುತ್ತಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ರಾತ್ರಿ ಮಾಲು ತುಂಬಿಕೊಂಡು ಆ ರಾತ್ರಿಯೇ ಹೊರಡಬೇಕಾದ ಪ್ರತಿ ಊರಿಗೂ ಇಬ್ಬರು ಡ್ರೈವರ್ ಬೇಕು. ಒಬ್ಬರು ಹಗಲು ಮೈದಾನದಲ್ಲಿ ಗಾಡಿ ಜೊತೆ ಇರಲಿ. ಇನ್ನೊಬ್ಬರು ಹಗಲಲ್ಲಿ ಮೈದಾನಕ್ಕೆ ಕಾಲೇ ಇಡಬಾರದು. ದೂರದಲ್ಲಿ, ಕತ್ತಲೆ ಮಾಡಬಹುದಾದ ಒಂದು ರೂಮಿನಲ್ಲಿ ಮಲಗಿರಲಿ. ಲೋಡಿಂಗ್ ಮುಗಿಯೋಕೆ ಒಂದು ಗಂಟೆ ಮುಂಚೆ ಬಂದು, ಮಾಲು ಹೇಗೆ ಕೂತಿದೆ ಅಂತ ಹಗಲಿನವರ ಜೊತೆ ನೋಡಿ, ಕೀಲಿ ಇಸಿದುಕೊಳ್ಳಲಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಮಲಗುತ್ತಾರೆ ಬಿಡಿ ಅಂತ ಟ್ರಾನ್ಸ್‌ಪೋರ್ಟಿನವರು ಹೇಳಿದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಯುರೋಪಿನ ನಿಯಮದಲ್ಲಿ ಗಾಡಿಯೊಳಗೆ ಮಲಗಿದ್ದು ದಿನದ ವಿಶ್ರಾಂತಿ ಅನ್ನಿಸಿಕೊಳ್ಳಬೇಕಾದರೆ ಗಾಡಿ ನಿಂತಿರಬೇಕು.

ದೊಡ್ಡ ತಂಡಗಳು ಈ ಸಮಯವನ್ನು ದುಡ್ಡು ಕೊಟ್ಟೇ ಕೊಳ್ಳುತ್ತವೆ. 2009ರಿಂದ 2011ರವರೆಗೆ ನಡೆದ ಐರ್ಲೆಂಡಿನ ಯು2 ರಾಕ್ ತಂಡದ ಪ್ರವಾಸದಲ್ಲಿ ಸ್ಟೇಜಿಗೆ ಒಂದೇ ಥರದ ಮೂರು ಉಕ್ಕಿನ ಚೌಕಟ್ಟುಗಳಿದ್ದವು. ಒಂದು ಊರಿನಲ್ಲಿ ಹಾಡು ನಡೆಯುವಾಗ ಇನ್ನೊಂದು ಊರಿನಲ್ಲಿ ಮುಂದಿನದನ್ನು ಕಟ್ಟುತ್ತಿದ್ದರು. ನಮ್ಮಂಥವರಿಗೆ ಅಷ್ಟು ಆಗಲ್ಲ. ಆದರೆ ಕಟ್ಟೋಕೆ ಜಾಸ್ತಿ ಹೊತ್ತು ಹಿಡಿಯುವ ಒಂದೇ ಒಂದು ಭಾಗವನ್ನು, ಸ್ಟೇಜಿನ ಅಡಿಯ ಫ್ರೇಮನ್ನೋ ಪವರ್ ಕೇಬಲನ್ನೋ, ಎರಡು ಸೆಟ್ ಇಟ್ಟುಕೊಂಡು ಚಿಕ್ಕ ಗಾಡಿಯಲ್ಲಿ ಮುಂದೆ ಕಳಿಸಬಹುದು. ಟ್ರೇಲರ್ ಎರಡು ಗಂಟೆ ತಡವಾದರೂ ಉಸಿರಾಡೋಕೆ ಜಾಗ ಇರುತ್ತೆ.

ಮಾಲು ತುಂಬುವುದನ್ನೂ ಹುಡುಗರ ಕೈಗೆ ಬಿಟ್ಟು ಹೋಗಬೇಡಿ. ಇಳಿಸಿದಮೇಲೆ ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗಬೇಕು. ಟ್ರಸ್ (ಲೈಟು ನೇತುಹಾಕುವ ಲೋಹದ ಚೌಕಟ್ಟು) ಎತ್ತುವ ಚೈನ್ ಮೋಟಾರು ಬಾಗಿಲ ಹತ್ತಿರ, ಅಲಂಕಾರದ ಸಾಮಾನು ಒಳಗಡೆ. ಆದರೆ ಈ ಕ್ರಮ ಭಾರದ ಲೆಕ್ಕ ಕೆಡಿಸಬಾರದು. ಜೀಪು ಅಥವಾ ಪಿಕಪ್ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಸಣ್ಣ ಟ್ರೇಲರ್ ಆದರೆ, ತುಂಬಿದ ಟ್ರೇಲರ್‌ನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಆ ಕೊಕ್ಕೆಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಸರಿದರೆ ವೇಗ ಹೆಚ್ಚಿದ ಹಾಗೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಎಳೆಯುವ ಗಾಡಿಯನ್ನೂ ಜೊತೆಗೆ ತಿರುಗಿಸಿಬಿಡುತ್ತೆ. ಚಕ್ರ ಇರುವ ಕೇಸ್‌ಗಳಿಗೆ ಬರೀ ಬ್ರೇಕ್ ಹಾಕಿ ಬಿಡಬೇಡಿ. ಎರಡು ಸಾಲಿಗೊಮ್ಮೆ ಅಡ್ಡ ಬೆಲ್ಟ್ ಬಿಗಿಯಿರಿ. ಸರಿಯಾಗಿ ತುಂಬಿದ ದಿನ ಪ್ರತಿ ಸಾಲಿನದೂ ಒಂದೊಂದು ಫೋಟೋ ತೆಗೆದು, ಕೇಸ್‌ಗಳಿಗೆ ನಂಬರ್ ಬರೆದು, ಬಾಗಿಲ ಒಳಗಡೆ ಅಂಟಿಸಿ. ನಡುರಾತ್ರಿಯಲ್ಲಿ ಹೊಸ ಊರಿನ ಹೊಸ ಹುಡುಗರಿಗೆ ಬಾಯಲ್ಲಿ ಹೇಳಿದರೆ ಅರ್ಧ ಮಾತ್ರ ತಲುಪುತ್ತೆ.

ಬಾಡಿಗೆ ಮಾತಾಡುವಾಗ ಕಿಲೋಮೀಟರಿಗೆ ಎಷ್ಟು ಅಂತ ಕೇಳಿ ಕಮ್ಮಿ ಹೇಳಿದವರನ್ನು ಹಿಡಿಯಬೇಡಿ. ಕಾರ್ಯಕ್ರಮದ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಲ್ಟಿಂಗ್ ಚಾರ್ಜ್ ಎಷ್ಟು, ಎಷ್ಟು ಗಂಟೆ ಆದಮೇಲೆ ಶುರು, ಗಾಡಿ ಕೆಟ್ಟರೆ ಬದಲಿ ಗಾಡಿ ಎಷ್ಟು ಹೊತ್ತಲ್ಲಿ, ಎರಡನೇ ಡ್ರೈವರ್ ಯಾರು, ಪ್ರವಾಸ ಪೂರ್ತಿ ಅದೇ ಇಬ್ಬರು ಇರುತ್ತಾರಾ, ಇವೆಲ್ಲ ಕಾಗದದ ಮೇಲೆ ಬರಲಿ. ಗಾಡಿಗೆ ಇನ್ಶೂರೆನ್ಸ್ ಇದೆ ಅಂದರೆ ಒಳಗಿನ ನಿಮ್ಮ ಮಾಲಿಗೂ ಇದೆ ಅಂತ ಅರ್ಥ ಅಲ್ಲ. ಮಾಲಿನದು ಬೇರೆ ಮಾಡಿಸಿ, ಏರಿಸುವಾಗ ಇಳಿಸುವಾಗ ಬಿದ್ದರೂ ಸಿಗುತ್ತಾ ಅಂತ ಓದಿ ನೋಡಿ.

ದೇಶದ ಗಡಿ ದಾಟುವುದಿದ್ದರೆ ಎಟಿಎ ಕಾರ್ನೆಟ್ ಅನ್ನುವ ಕಾಗದ ವಿಚಾರಿಸಿ. ಅದನ್ನು ಒಪ್ಪುವ ದೇಶಗಳಿಗೆ ವಾಪಸ್ ತರುವ ಸಾಮಾನನ್ನು ಸುಂಕ ಕಟ್ಟದೆ ಒಯ್ಯಬಹುದು, ಹೆಚ್ಚೆಂದರೆ ಒಂದು ವರ್ಷ. ಜನರಿಗೆ ಹಂಚಿ ಖಾಲಿ ಮಾಡುವ ವಸ್ತುಗಳಿಗೆ ಅದು ನಡೆಯಲ್ಲ.

ಇನ್ನು ಸ್ವಂತ ಟ್ರೇಲರ್. ವರ್ಷದ ಬಹುಪಾಲು ತಾರೀಖುಗಳು ಕೈಯಲ್ಲಿಲ್ಲದೆ ಕೊಳ್ಳಲೇಬೇಡಿ. ನಿಂತ ಗಾಡಿಗೂ ಟೈರು, ತೆರಿಗೆ, ಇನ್ಶೂರೆನ್ಸ್ ತಪ್ಪಲ್ಲ. ಈಗ ಕೈಯಲ್ಲಿರುವ ದುಡ್ಡನ್ನು ಎರಡನೇ ಡ್ರೈವರ್‌ಗೆ, ಅವರ ರೂಮಿಗೆ ಹಾಕಿ. ಅದೂ ಆಗಲ್ಲ ಅನ್ನುವುದಾದರೆ ಕರೆಸುವವರ ಹತ್ತಿರ ಕೂತು ಎರಡು ಊರುಗಳ ನಡುವೆ ಒಂದು ದಿನ ಖಾಲಿ ಬಿಡಿಸಿಕೊಳ್ಳಿ. ಅದಕ್ಕೂ ಒಪ್ಪದವರ ಕಾರ್ಯಕ್ರಮವನ್ನು ನಾನೀಗ ಹಿಡಿಯುವುದಿಲ್ಲ.