ಮ್ಯಾಂಚೆಸ್ಟರ್‌ನ ಸ್ಟ್ಯಾಂಡು, ಷಿಕಾಗೊದ ಪಾರ್ಕಿಂಗ್ ಲಾಟು

ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಮ್ಯಾಂಚೆಸ್ಟರ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸಿನವರು ಫುಟ್‌ಬಾಲ್ ಮ್ಯಾಚಿಗೆ ಕರೆಯುತ್ತಿದ್ದಾರೆ. ಬರುವ ವರ್ಷ ಕಂಪನಿ ನಿಮ್ಮನ್ನು ಷಿಕಾಗೊಗೆ ಕಳಿಸಲಿದೆ. ಡಲ್ಲಾಸ್‌ನಲ್ಲಿರುವ ಭಾವ "ಮ್ಯಾಚ್ ಅಂದ್ರೆ ಪಿಕ್ನಿಕ್, ಮಕ್ಕಳನ್ನ ಕರ್ಕೊಂಡು ಆರಾಮಾಗಿ ಹೋಗಿ" ಅನ್ನುತ್ತಾರೆ. ಇಲ್ಲಿನ ಸಹೋದ್ಯೋಗಿ ಮಾತ್ರ "ಯಾವ ಬಣ್ಣದ ಶರ್ಟ್ ಹಾಕ್ತೀಯ ನೋಡ್ಕೊ" ಎಂದು ಎಚ್ಚರಿಸಿದ್ದಾರೆ. ಯಾರ ಮಾತು ಕೇಳಬೇಕು?

ಇಬ್ಬರೂ ತಮ್ಮ ತಮ್ಮ ಊರಿನ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ಬ್ರಿಟನ್ನಿನಲ್ಲಿ ಫುಟ್‌ಬಾಲ್ ಟಿಕೆಟ್ ತೆಗೆದುಕೊಂಡರೆ ಒಂದು ಪಕ್ಷದ ಜಾಗ ಸಿಗುತ್ತದೆ. ಅಮೆರಿಕದಲ್ಲಿ ಸಿಗುವುದು ಒಂದು ಕುರ್ಚಿ. ಬಟ್ಟೆ, ಊಟ, ಕುಡಿತ, ಕೂಗಾಟ ಎಲ್ಲದರ ವ್ಯತ್ಯಾಸವೂ ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ನೀವಿರುವ ಊರಿನ ವಿಷಯ. ಇಂಗ್ಲೆಂಡಿನ ಮೈದಾನದಲ್ಲಿ ಅತಿಥಿ ತಂಡದ ಅಭಿಮಾನಿಗಳಿಗೆ ಬೇರೆ ಗೇಟು, ಬೇರೆ ಸ್ಟ್ಯಾಂಡು. ಮಧ್ಯದಲ್ಲಿ ಖಾಲಿ ಕುರ್ಚಿಗಳ ಸಾಲು, ಅದರಾಚೆ ಈಚೆ ಸ್ಟೂವರ್ಡ್‌ಗಳು, ಅಂದರೆ ಮೈದಾನದ ಕಾವಲು ಸಿಬ್ಬಂದಿ. ಪ್ರೀಮಿಯರ್ ಲೀಗಿನಲ್ಲಿ ಆತಿಥೇಯ ಕ್ಲಬ್ಬು 3,000 ಟಿಕೆಟ್ಟುಗಳನ್ನು ಅತಿಥಿಗಳಿಗೆ ಒದಗಿಸಬೇಕು. ಮೈದಾನ 30,000ಕ್ಕಿಂತ ಚಿಕ್ಕದಾದರೆ ಶೇಕಡ 10ರಷ್ಟು. 2016ರಿಂದ ಈ ಟಿಕೆಟ್ಟಿಗೆ 30 ಪೌಂಡ್ ಮಿತಿ ಇದೆ. ಅಗ್ಗವೆಂದು ಹೊಸಬರಿಗೆ ಸಿಗುವುದಿಲ್ಲ. ವರ್ಷಗಟ್ಟಲೆ ತಂಡದ ಹಿಂದೆ ಊರೂರು ತಿರುಗಿ ಪಾಯಿಂಟ್ ಕೂಡಿಸಿದವರಿಗೇ ಮೊದಲ ಹಕ್ಕು. ಹಾಗಾಗಿ ಆ ಮೂಲೆಯಲ್ಲಿ ನಿಂತ ಮೂರು ಸಾವಿರ ಜನ ಕಸುಬುದಾರ ಅಭಿಮಾನಿಗಳು. ಎಷ್ಟೋ ಸಲ ಇಡೀ ಮೈದಾನಕ್ಕಿಂತ ಅವರ ದನಿಯೇ ಜೋರು. ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ತೊಂಬತ್ತು ನಿಮಿಷವೂ ನಿಂತು ಹಾಡುವುದನ್ನು ನೋಡಿದ್ದರೆ ಇದರ ಅಂದಾಜು ನಿಮಗಿರುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಲಿವರ್‌ಪೂಲ್ ಇಷ್ಟ, ಆದರೆ ಅವೇ, ಅಂದರೆ ಅತಿಥಿ ಕಡೆಯ ಟಿಕೆಟ್ ಸಿಗಲಿಲ್ಲವೆಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನ ಹೋಮ್ (ಆತಿಥೇಯರ) ಸ್ಟ್ಯಾಂಡಿನಲ್ಲಿ ಕೂರುತ್ತಾರೆ. ಲಿವರ್‌ಪೂಲ್ ಗೋಲು ಹೊಡೆದಾಗ ಮೈಮರೆತು ಎದ್ದು ಕೈ ಎತ್ತುತ್ತಾರೆ. ಮರುನಿಮಿಷ ಸ್ಟೂವರ್ಡ್ ಬಂದು ಹೊರಗೆ ಕರೆದೊಯ್ಯುತ್ತಾನೆ. ಅದು ಶಿಕ್ಷೆಗಿಂತ ಹೆಚ್ಚಾಗಿ ನಿಮ್ಮ ರಕ್ಷಣೆಗೆ. ಟಿಕೆಟ್ಟಿನ ಷರತ್ತಿನಲ್ಲೇ ಅದು ಬರೆದಿರುತ್ತದೆ, ಹಣ ವಾಪಸ್ ಬರುವುದಿಲ್ಲ. ಬಣ್ಣದ ವಿಷಯವೂ ಹಾಗೆಯೇ. ಮ್ಯಾಂಚೆಸ್ಟರ್‌ನಲ್ಲಿ ಯುನೈಟೆಡ್ ಕೆಂಪು, ಸಿಟಿ ತಿಳಿನೀಲಿ. ಕ್ಲಬ್ಬಿನ ಗುರುತೇ ಇಲ್ಲದ ಸಾದಾ ಕೆಂಪು ಜಾಕೆಟ್ಟನ್ನೂ ಸಿಟಿಯ ಮೈದಾನ ಎತಿಹಾದ್‌ಗೆ ಹಾಕಿಕೊಂಡು ಹೋಗಬೇಡಿ. ಕಪ್ಪು, ಬೂದು, ಕಂದು ಯಾವ ಮೈದಾನಕ್ಕೂ ನಡೆಯುತ್ತದೆ. ಮ್ಯಾಚಿನ ದಿನ ಕೆಲವು ಪಬ್‌ಗಳ ಬಾಗಿಲಲ್ಲಿ "ಹೋಮ್ ಅಭಿಮಾನಿಗಳಿಗೆ ಮಾತ್ರ" ಎಂಬ ಬೋರ್ಡು ಇರುತ್ತದೆ, ಅದನ್ನು ಅಕ್ಷರಶಃ ಪಾಲಿಸಿ.

ಟಿಕೆಟ್ ಕೊಳ್ಳುವ ಕ್ರಮ: ದೊಡ್ಡ ಕ್ಲಬ್ಬಾದರೆ ಮೊದಲು ಸದಸ್ಯತ್ವ ಕೊಂಡು, ಕ್ಲಬ್ಬಿನ ಜಾಲತಾಣದಲ್ಲೇ ಕಾಯಬೇಕು. ಸೀಸನ್ ಟಿಕೆಟ್‌ನವರು ಬರಲಾಗದೆ ಬಿಟ್ಟುಕೊಟ್ಟ ಸೀಟುಗಳು ಅಧಿಕೃತ ವಿನಿಮಯದಲ್ಲಿ ಬರುತ್ತವೆ, ಮ್ಯಾಚಿನ ಹಿಂದಿನ ಎರಡು ಮೂರು ದಿನ ಆಗಾಗ ನೋಡುತ್ತಿರಿ. ರಸ್ತೆಯಲ್ಲಿ, ಫೇಸ್‌ಬುಕ್ಕಿನಲ್ಲಿ ಯಾರೋ ಮಾರುವ ಟಿಕೆಟ್ ಬೇಡವೇ ಬೇಡ. ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಮಾರಿದವನು ಮಾಯವಾಗುತ್ತಾನೆ, ಗೇಟಿನಲ್ಲಿ ತಡೆಯುವುದು ನಿಮ್ಮನ್ನು. ಜೂನ್‌ನಲ್ಲಿ ಪ್ರಕಟವಾಗುವ ವೇಳಾಪಟ್ಟಿಯನ್ನೂ ನಂಬಿ ರೈಲು ಕಾದಿರಿಸಬೇಡಿ. ಶನಿವಾರ ಮೂರಕ್ಕೆಂದು ಬರೆದಿದ್ದು ಟಿವಿಯವರ ಆಯ್ಕೆಯಾದ ಮೇಲೆ ಭಾನುವಾರ ಸಂಜೆಗೋ ಸೋಮವಾರ ರಾತ್ರಿಗೋ ಜಾರುತ್ತದೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಇಲ್ಲಿ ಫುಟ್‌ಬಾಲಿನ ನೇರ ಪ್ರಸಾರವೇ ಇಲ್ಲ. ಜನ ಟಿವಿ ಬಿಟ್ಟು ಊರಿನ ಸಣ್ಣ ಕ್ಲಬ್ಬಿಗೆ ಹೋಗಲಿ ಎಂಬುದು ಉದ್ದೇಶ.

ಆ ಸಣ್ಣ ಕ್ಲಬ್ಬಿನಿಂದಲೇ ನೀವು ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಿಕಡಿಲಿ ನಿಲ್ದಾಣದಿಂದ ಸ್ಟಾಕ್‌ಪೋರ್ಟ್‌ಗೆ ರೈಲಿನಲ್ಲಿ ಹತ್ತು ನಿಮಿಷ, ಅಲ್ಲಿಂದ ಸ್ಟಾಕ್‌ಪೋರ್ಟ್ ಕೌಂಟಿಯ ಎಡ್ಜ್‌ಲಿ ಪಾರ್ಕ್‌ಗೆ ಕಾಲ್ನಡಿಗೆ. ದೊಡ್ಡ ಕ್ಲಬ್ಬಿನಷ್ಟು ಪರದಾಟವಿಲ್ಲದೆ ಟಿಕೆಟ್ ಸಿಗುತ್ತದೆ, ಆಟಗಾರರ ಕೂಗೂ ಕೇಳುವಷ್ಟು ಹತ್ತಿರ ಕೂರಬಹುದು. ಮಕ್ಕಳಿದ್ದರೆ ಯಾವ ಕ್ಲಬ್ಬಿನಲ್ಲೇ ಆಗಲಿ ಫ್ಯಾಮಿಲಿ ಸ್ಟ್ಯಾಂಡ್ ಕೇಳಿ. ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಬೈಗುಳ ಧಾರಾಳ, ಕುರ್ಚಿ ಇದ್ದರೂ ಯಾರೂ ಕೂರುವುದಿಲ್ಲ, ಮಗುವಿಗೆ ಏನೂ ಕಾಣುವುದಿಲ್ಲ.

ಒಳಗೆ ಮದ್ಯದ ನಿಯಮವಿದೆ. 1985ರ ಕಾಯ್ದೆಯ ಪ್ರಕಾರ ವೃತ್ತಿಪರ ಫುಟ್‌ಬಾಲಿನಲ್ಲಿ ಆಟ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. ಬಿಯರ್ ಸಿಗುವುದು ಸ್ಟ್ಯಾಂಡಿನ ಕೆಳಗಿನ ಪ್ರಾಂಗಣದಲ್ಲಿ, ಅಲ್ಲೇ ಮುಗಿಸಿ ಮೇಲೆ ಬರಬೇಕು. ವಿರಾಮ 15 ನಿಮಿಷ ಮಾತ್ರ, ಆದ್ದರಿಂದ ನಲವತ್ತನೆಯ ನಿಮಿಷಕ್ಕೇ ಜನ ಇಳಿಯತೊಡಗುತ್ತಾರೆ. ಅದೇ ಮ್ಯಾಂಚೆಸ್ಟರ್‌ನಲ್ಲಿ ಕ್ರಿಕೆಟ್ ಟೆಸ್ಟ್ ನೋಡಲು ಹೋಗಿ: ಕುರ್ಚಿಯಲ್ಲೇ ದಿನವಿಡೀ ಬಿಯರ್, ಎರಡೂ ತಂಡದವರು ಅಕ್ಕಪಕ್ಕ. ರಗ್ಬಿಯಲ್ಲೂ ಹಾಗೆಯೇ. ಕಟ್ಟುನಿಟ್ಟೆಲ್ಲ ಫುಟ್‌ಬಾಲಿಗೆ. ಸಸ್ಯಾಹಾರಿಗಳಿಗೆ ಚೀಸ್ ಮತ್ತು ಈರುಳ್ಳಿಯ ಪೈ ಈ ಕಡೆ ಸುಲಭವಾಗಿ ಸಿಗುತ್ತದೆ. ಚಳಿಗೆಂದು ಲೋಟದಲ್ಲಿ ಕೊಡುವ ಬೋವ್ರಿಲ್ ಗೋಮಾಂಸದ ಸಾರ, ನೋಡಿ ತೆಗೆದುಕೊಳ್ಳಿ.

ಈ ಬಿಗಿಯ ಹಿಂದೆ ಸಾವುಗಳಿವೆ. 1989ರ ಏಪ್ರಿಲ್ 15ರಂದು ಷೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್ಎ ಕಪ್ ಸೆಮಿಫೈನಲ್. ಹೊರಗೆ ಕಿರಿದಾದ ಗೇಟುಗಳ ಮುಂದೆ ಜನ ಒತ್ತೊತ್ತಾಗಿ ನಿಂತಿದ್ದರು. ಪೊಲೀಸರು ನಿರ್ಗಮನದ ಗೇಟನ್ನು ತೆರೆಸಿದರು. ಜನ ನೇರವಾಗಿ ಎದುರಿನ ಸುರಂಗಕ್ಕಿಳಿದು, ಆಗಲೇ ತುಂಬಿದ್ದ, ಬೇಲಿ ಹಾಕಿದ ನಿಲ್ಲುವ ಅಂಕಣಗಳಿಗೆ ಹರಿದರು. ಮುಂದೆ ಬೇಲಿ, ಹಿಂದೆ ತಳ್ಳುವ ಜನ. 97 ಮಂದಿ ಸತ್ತರು. ತಪ್ಪನ್ನು ಅಭಿಮಾನಿಗಳ ತಲೆಗೆ ಕಟ್ಟಲಾಯಿತು; ಅವರ ತಪ್ಪಿರಲಿಲ್ಲ ಎಂದು ಸಾವಿನ ವಿಚಾರಣೆಯ ಜ್ಯೂರಿ ಹೇಳಲು 2016ರವರೆಗೆ ಕಾಯಬೇಕಾಯಿತು. ಈ ದುರಂತದ ತನಿಖೆಯ ಟೇಲರ್ ವರದಿಯ ನಂತರ ಮೇಲಿನ ಎರಡು ಡಿವಿಷನ್‌ಗಳಲ್ಲಿ ಎಲ್ಲರಿಗೂ ಕುರ್ಚಿ ಕಡ್ಡಾಯವಾಯಿತು. ಕಂಬಿ ಹಾಕಿದ ಸುರಕ್ಷಿತ ಜಾಗದಲ್ಲಿ ನಿಂತು ನೋಡಲು ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನರನ್ನು ಕಳೆದುಕೊಂಡ ನಮಗೆ ಗೇಟಿನ ಮುಂದಿನ ಆ ಒತ್ತಡ ಏನೆಂದು ವಿವರಿಸಬೇಕಾಗಿಲ್ಲ. ಇಲ್ಲಿ ಸ್ಟೂವರ್ಡ್ "ಈ ಮೆಟ್ಟಿಲು ಬಿಡಿ" ಎಂದರೆ ವಾದಿಸದೆ ಬಿಡಿ.

ಇದಕ್ಕೇ ಸೇರಿದ ಇನ್ನೊಂದು ಮಾತು. ಇಲ್ಲಿ ಹಾಡುಗಳನ್ನು ಯಾರೂ ಹೇಳಿಕೊಡುವುದಿಲ್ಲ, ಜನರೇ ಕಟ್ಟುತ್ತಾರೆ, ಬೇಗ ಬಾಯಿಗೆ ಬರುತ್ತವೆ. ಅರ್ಥ ತಿಳಿಯದ ಹಾಡನ್ನು ಹಾಡಬೇಡಿ. ಕೆಲವು ಹಿಲ್ಸ್‌ಬರೊ ಕುರಿತವು. ಕೆಲವು 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಸತ್ತ 23 ಜನರನ್ನು, ಅವರಲ್ಲಿ ಯುನೈಟೆಡ್‌ನ 8 ಆಟಗಾರರನ್ನು ಅಣಕಿಸುವವು. ಅದಕ್ಕೆ ಪೊಲೀಸ್ ಕೇಸು ಬೀಳುತ್ತದೆ, ಕೋರ್ಟು ಮೈದಾನ ನಿಷೇಧದ ಆದೇಶ ಕೊಟ್ಟರೆ ಕನಿಷ್ಠ 3 ವರ್ಷ. ಮೈದಾನದೊಳಗೆ ಕಾಲಿಡುವುದು, ವಸ್ತು ಎಸೆಯುವುದು, ಜನಾಂಗೀಯ ಕೂಗು ಎಲ್ಲವೂ 1991ರ ಕಾಯ್ದೆಯಡಿ ಅಪರಾಧ. ವೀಸಾದಲ್ಲಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಿಮ್ಮ ಮೇಲೆ ಯಾರಾದರೂ ಜನಾಂಗೀಯವಾಗಿ ಕೂಗಿದರೆ ಸೀಟು ಸಂಖ್ಯೆ, ಸಮಯ ಗುರುತಿಟ್ಟು ಸ್ಟೂವರ್ಡ್‌ಗೆ ಹೇಳಿ. ಕ್ಯಾಮೆರಾದಲ್ಲಿ ಹುಡುಕುವ ವ್ಯವಸ್ಥೆ ಇದೆ.

ಇನ್ನು ಷಿಕಾಗೊ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಬೇರೆಯೇ ಆಟ) ತಂಡವಾದ ಬೇರ್ಸ್ ಮ್ಯಾಚಿಗೆ ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್‌ನ ಅಭಿಮಾನಿ ಚೀಸ್ ತುಂಡಿನ ಆಕಾರದ ಟೋಪಿ ಹಾಕಿಕೊಂಡು ನಿಮ್ಮ ಪಕ್ಕದಲ್ಲೇ ಕೂರುತ್ತಾನೆ. ಕೀಟಲೆ ಮಾಡುತ್ತಾರೆ, ಕುಡಿದವರು ಕೆಣಕುವುದೂ ಉಂಟು, ಆದರೆ ಬೇಲಿ ಇಲ್ಲ. ದೇಶ ಅಷ್ಟು ದೊಡ್ಡದಾದ್ದರಿಂದ ಸಾವಿರಾರು ಜನ ಪ್ರತಿ ವಾರ ತಂಡದ ಹಿಂದೆ ಹೋಗುವ ರೂಢಿ ಬೆಳೆಯಲಿಲ್ಲ. ಮರುಮಾರಾಟ ಬಹುತೇಕ ರಾಜ್ಯಗಳಲ್ಲಿ ಕಾನೂನುಬದ್ಧ, ದೊಡ್ಡ ಆ್ಯಪ್‌ಗಳೇ ಇವೆ. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೆ ಸೀಸನ್ನಿಗೆ 162 ಆಟ. ವಾರದ ನಡುವಿನ ಆಟದ ಟಿಕೆಟ್ ಆಟಕ್ಕೆ ಕೆಲವೇ ಗಂಟೆ ಇರುವಾಗ ಸಾಮಾನ್ಯವಾಗಿ ಇಳಿಯುತ್ತದೆ. ಅಮೆರಿಕನ್ ಫುಟ್‌ಬಾಲಿನ ಲೀಗಾದ ಎನ್ಎಫ್ಎಲ್‌ನಲ್ಲಿ 17 ಮಾತ್ರ, ಆದ್ದರಿಂದ ದುಬಾರಿ. 2025ರ ಮೇ ತಿಂಗಳಿಂದ ಕಡ್ಡಾಯ ಶುಲ್ಕಗಳನ್ನೂ ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮ ಬಂದಿದೆ, ಹೋಲಿಸಿ ಕೊಳ್ಳುವುದು ಸುಲಭ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬಾರದು, ಬಾರ್‌ಕೋಡ್ ಬದಲಾಗುತ್ತಲೇ ಇರುತ್ತದೆ. ಗೇಟಿನ ಬಳಿ ನೆಟ್‌ವರ್ಕ್ ಕೈಕೊಡುವುದರಿಂದ ಮನೆಯಲ್ಲೇ ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ.

ನಿಮ್ಮ ಭಾವ ಪಿಕ್ನಿಕ್ ಎಂದಿದ್ದು ಟೇಲ್‌ಗೇಟ್, ಅಂದರೆ ಆಟಕ್ಕೆ ಮೊದಲು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಹಿಂದೆ ನಡೆಯುವ ಊಟ. ಅಮೆರಿಕನ್ ಫುಟ್‌ಬಾಲಿನ ಪಾರ್ಕಿಂಗ್ ಲಾಟು ಸಾಮಾನ್ಯವಾಗಿ ಆಟಕ್ಕೆ ನಾಲ್ಕು ಗಂಟೆ ಮೊದಲೇ ತೆರೆಯುತ್ತದೆ. ಪಾರ್ಕಿಂಗ್ ಪಾಸ್ ಬೇರೆಯಾಗಿ ಮೊದಲೇ ಕೊಳ್ಳಬೇಕು. ಒಂದು ಕಾರಿಗೆ ಒಂದೇ ಜಾಗ; ಹಿಂಬಾಗಿಲು ಎತ್ತಿ, ಅದರ ಹಿಂದೆ ಮಡಿಸುವ ಮೇಜು, ಗ್ರಿಲ್. ಒಂದು ಪೌಂಡ್ ತೂಕದ ಅನಿಲವಿರುವ ಪುಟ್ಟ ಪ್ರೊಪೇನ್ ಸಿಲಿಂಡರ್ ತಂದವರಿಗೆ ತಾಪತ್ರಯ ಕಡಿಮೆ. ಇದ್ದಿಲಿನ ಗ್ರಿಲ್ಲಾದರೆ ಆಟಕ್ಕೆ ಒಂದು ಗಂಟೆ ಮೊದಲೇ ಬೆಂಕಿ ಆರಿಸತೊಡಗಿ. ಬಿಸಿ ಕೆಂಡವನ್ನು "ಕೆಂಡಕ್ಕೆ ಮಾತ್ರ" ಎಂದು ಗುರುತು ಮಾಡಿದ ಲೋಹದ ಡಬ್ಬಕ್ಕೇ ಹಾಕಿ. ಕಸದ ಚೀಲಕ್ಕೆ ಸುರಿದರೆ, ಕಾರಿನ ಕೆಳಗೆ ಬಿಟ್ಟು ಹೋದರೆ ಬೆಂಕಿ ಹತ್ತುತ್ತದೆ. ಸಸ್ಯಾಹಾರಿಗಳು ಮುಸುಕಿನ ಜೋಳ, ಪನೀರು, ದಪ್ಪ ಮೆಣಸಿನಕಾಯಿ ತಂದು, ಗ್ರಿಲ್ಲಿನ ಒಂದು ಬದಿಗೆ ಫಾಯಿಲ್ ಹಾಸಲು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಬರಿಗೈಲಿ ಮಾತ್ರ ಹೋಗಬೇಡಿ. ಪಕ್ಕದ ಕಾರಿನವರೂ ತಟ್ಟೆ ಚಾಚಿ ಕರೆಯುತ್ತಾರೆ. ಅಮೆರಿಕದ ಅಭಿಮಾನಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಚೀಲದ ವಿಷಯದಲ್ಲಿ ಎಚ್ಚರ. ಎನ್ಎಫ್ಎಲ್‌ನಲ್ಲಿ 2013ರಿಂದ ಪಾರದರ್ಶಕ ಚೀಲ ಮಾತ್ರ, 12×6×12 ಇಂಚು. ಜೊತೆಗೆ ಅಂಗೈಯಷ್ಟಗಲದ ಪರ್ಸು. ಬೆನ್ನುಚೀಲ ತಂದವರು ಮತ್ತೆ ಕಾರಿನವರೆಗೆ ನಡೆಯಬೇಕು. ಇಂಗ್ಲೆಂಡಿನಲ್ಲೂ ಎ4 ಹಾಳೆಗಿಂತ ದೊಡ್ಡ ಚೀಲವನ್ನು ಅನೇಕ ಕ್ಲಬ್ಬುಗಳು ಬಿಡುವುದಿಲ್ಲ. ಬೇಸ್‌ಬಾಲ್ ಉದಾರ: ಅನೇಕ ಮೈದಾನಗಳು ಮನೆಯ ತಿಂಡಿಯನ್ನೂ ಸೀಲ್ ಒಡೆಯದ ನೀರಿನ ಬಾಟಲಿಯನ್ನೂ ಬಿಡುತ್ತವೆ, ಚಪಾತಿ ಸುತ್ತಿಕೊಂಡು ಹೋಗಬಹುದು. ಬಿಯರ್ ಕೊಳ್ಳಲು 21 ತುಂಬಿರಬೇಕು, ತಲೆ ನರೆತವರನ್ನೂ ಗುರುತಿನ ಚೀಟಿ ಕೇಳುತ್ತಾರೆ. ಎನ್ಎಫ್ಎಲ್‌ನಲ್ಲಿ ಸಾಮಾನ್ಯವಾಗಿ ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು (ಕ್ವಾರ್ಟರ್) ಮುಗಿದ ಮೇಲೆ ಮದ್ಯ ಮಾರುವುದಿಲ್ಲ.

ಯಾವಾಗ ಕೂಗಬೇಕು ಎಂಬುದನ್ನು ಅಲ್ಲಿ ಕಲಿಯಲೇಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ನಮ್ಮ ತಂಡದ ಬಳಿ ಚೆಂಡಿದ್ದಾಗ ಮೌನ. ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್ ಹೇಳುವ ಸಂಕೇತ ಉಳಿದವರಿಗೆ ಕೇಳಬೇಕು. ಎದುರಾಳಿಗೆ ಚೆಂಡು ಹೋದಾಗ ಗಂಟಲು ಹರಿಯುವಷ್ಟು ಕೂಗು, ಅವರಿಗೆ ಸಂಕೇತ ಕೇಳಿಸದಿರಲಿ ಎಂದು. 2014ರಲ್ಲಿ ಕ್ಯಾನ್ಸಸ್ ಸಿಟಿಯ ಜನ ಹೀಗೆ ಕೂಗಿ 142.2 ಡೆಸಿಬೆಲ್ ದಾಖಲೆ ಮಾಡಿದರು. ನಮ್ಮ ತಂಡ ಮುನ್ನುಗ್ಗುವಾಗ ಹುರಿದುಂಬಿಸುವ ಇಂಗ್ಲಿಷ್ ಅಭ್ಯಾಸವನ್ನು ಇಲ್ಲಿಂದ ಕೊಂಡೊಯ್ದರೆ ಸುತ್ತಲಿನವರು ಗುರಾಯಿಸುತ್ತಾರೆ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಮಫ್ ಕೊಳ್ಳಿ. ಪ್ರತಿ ಆಟದ ಮೊದಲೂ ರಾಷ್ಟ್ರಗೀತೆ ಇರುತ್ತದೆ; ಟೋಪಿ ತೆಗೆದು ಎದ್ದು ನಿಂತರೆ ಸಾಕು, ಎದೆಯ ಮೇಲೆ ಕೈಯಿಡುವುದು ಅಲ್ಲಿನ ನಾಗರಿಕರ ಪದ್ಧತಿ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಗೀತೆ ಇಲ್ಲ, ಆದರೆ ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರಿಗಾಗಿ ಒಂದು ನಿಮಿಷದ ಮೌನ. ಆಗ ಫೋನು ಗಣಗಣಿಸಬಾರದು.

ಷಿಕಾಗೊ ಕಬ್ಸ್ ತಂಡದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್‌ಗೆ ಹೋದರೆ ಕಾರು ಬೇಡ, ನಗರ ರೈಲಿನ ರೆಡ್ ಲೈನಿನ ಆ್ಯಡಿಸನ್ ನಿಲ್ದಾಣ ಪಕ್ಕದಲ್ಲೇ. ಹಿಂದಿನ ಬಯಲು ಸಾಲುಗಳಲ್ಲಿ ಕೂತಾಗ ಎದುರಾಳಿ ಹೊಡೆದ ಹೋಮ್ ರನ್ ಚೆಂಡು ನಿಮ್ಮ ಕೈಗೆ ಬಂದರೆ, ಅದನ್ನು ಮೈದಾನಕ್ಕೆ ವಾಪಸ್ ಎಸೆಯುವುದು ಅಲ್ಲಿನ ಸಂಪ್ರದಾಯ. ಬೇರೆ ಕಡೆ ಇಟ್ಟುಕೊಳ್ಳಬಹುದು.

ಅಭಿಮಾನಿಗಳ ಸಂಕಟಗಳೂ ಬೇರೆ ಬೇರೆ. ಪ್ರೀಮಿಯರ್ ಲೀಗಿನ 20 ತಂಡಗಳಲ್ಲಿ ಕೊನೆಯ ಮೂರಕ್ಕೆ ಪ್ರತಿ ವರ್ಷ ಹಿಂಬಡ್ತಿ. ಹದಿನೇಳನೆಯ ಸ್ಥಾನ ಉಳಿಸಿಕೊಂಡ ದಿನವೂ ಜನ ಅಳುತ್ತಾರೆ, ನಗಬೇಡಿ. ಅಮೆರಿಕದಲ್ಲಿ ಹಿಂಬಡ್ತಿ ಇಲ್ಲ, ಸೋತ ತಂಡಕ್ಕೇ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಅವಕಾಶ. ಅಲ್ಲಿನ ಭಯ ತಂಡವೇ ಊರು ಬಿಡುವುದು. ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಜನ 2019ರಲ್ಲಿ ಬಾಸ್ಕೆಟ್‌ಬಾಲಿನ ವಾರಿಯರ್ಸ್, 2020ರಲ್ಲಿ ಎನ್ಎಫ್ಎಲ್‌ನ ರೇಡರ್ಸ್, 2024ರ ನಂತರ ಬೇಸ್‌ಬಾಲಿನ ಎ'ಸ್, ಮೂರನ್ನೂ ಕಳೆದುಕೊಂಡರು. ಬ್ರಿಟನ್ನಿನಲ್ಲಿ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಸಾಗಿಸಲು ಅನುಮತಿ ಸಿಕ್ಕಾಗ ಅಭಿಮಾನಿಗಳು 2002ರಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ, ಕೆಳಗಿನ ಮೆಟ್ಟಿಲಿನಿಂದ ಹತ್ತಿ 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿದರು. ಮಿಲ್ಟನ್ ಕೀನ್ಸ್ ಕ್ಲಬ್ಬಿನ ಹೆಸರೆತ್ತಿದರೆ ಇಂದಿಗೂ ಅನೇಕರು ಮುಖ ಗಂಟಿಕ್ಕುತ್ತಾರೆ. ಷಿಕಾಗೊದಲ್ಲಿ ಇದಕ್ಕೆ ಹತ್ತಿರದ ಭಾವನೆ ಕಾಣಬೇಕಾದರೆ ಉತ್ತರಕ್ಕೆ ಸುಮಾರು 330 ಕಿಲೋಮೀಟರು ಹೋಗಿ: ಗ್ರೀನ್ ಬೇ ಪ್ಯಾಕರ್ಸ್ ಜನರೇ ಷೇರುದಾರರಾಗಿರುವ ಏಕೈಕ ಎನ್ಎಫ್ಎಲ್ ತಂಡ, ಸೀಸನ್ ಟಿಕೆಟ್ಟಿಗೆ ಕಾಯುವವರ ಪಟ್ಟಿ ಲಕ್ಷ ದಾಟಿದೆ.

ಸದ್ಯಕ್ಕೆ ನಿಮ್ಮ ಸಹೋದ್ಯೋಗಿಯನ್ನು ಒಂದೇ ಮಾತು ಕೇಳಿ: ಟಿಕೆಟ್ ಹೋಮ್ ಕಡೆಯದೋ, ಅವೇ ಕಡೆಯದೋ? ಅವೇ ಎಂದರೆ ನೀವು ಮ್ಯಾಚಿನುದ್ದಕ್ಕೂ ನಿಂತಿರಬೇಕು, ಮುಗಿದ ಮೇಲೆ ಪೊಲೀಸರು ಕೆಲಹೊತ್ತು ಒಳಗೇ ನಿಲ್ಲಿಸಿಕೊಳ್ಳಬಹುದು. ವಾಪಸ್ ರೈಲನ್ನು ಆಟ ಮುಗಿದು ಒಂದೂವರೆ ಗಂಟೆಯ ನಂತರದ್ದಕ್ಕೆ ಕಾದಿರಿಸಿ.